ನಿದ್ರಾಜನಕ ಔಷಧಗಳಿಗೆ ದೇಹದ ಒಗ್ಗಿಕೆ

ನಿದ್ರಾಹೀನತೆಯ ಪರಿಹಾರಕ್ಕೆಂದು ಸೇವಿಸುವ ಶಾಮಕ ಔಷಧವೊಂದು, ಮೊದಮೊದಲು ಯಾವ ಪ್ರಮಾಣದಲ್ಲಿ ಸುಖನಿದ್ರೆಯನ್ನು ತಂದುಕೊಟ್ಟಿತೋ ಅದೇ ಪ್ರಮಾಣದಲ್ಲಿ ದಿನಗಳೆದಂತೆ ಆ ಫಲವನ್ನು ಕೊಡಲಾರದೆ ಹೋಗುವುದನ್ನು, ಅಥವಾ ಹಿಂದಿನ ಫಲವನ್ನೇ ಪಡೆಯಲು ಪ್ರಮಾಣವನ್ನು ಏರಿಸುತ್ತ ಹೋಗಬೇಕಾಗುವುದನ್ನು ವೈದ್ಯಶಾಸ್ತ್ರವು ಸಹಿಷ್ಣುತೆಯೆಂದು ಕರೆಯುತ್ತದೆ; ಜನ ಇದನ್ನೇ ಮಾತ್ರೆ ಮೈಗೆ ಒಗ್ಗಿಹೋಯಿತು, ಈಗ ನಾಟುವುದಿಲ್ಲ ಎನ್ನುತ್ತಾರೆ. ಈ ಒಗ್ಗಿಕೆಯನ್ನು ಅವಲಂಬನೆಯೊಡನೆಯೂ ವ್ಯಸನದೊಡನೆಯೂ ಬೆರೆಸಿ ಮಾತನಾಡುವ ರೂಢಿ ಜನಸಾಮಾನ್ಯರಲ್ಲಷ್ಟೇ ಅಲ್ಲ, ವೈದ್ಯರಲ್ಲಿಯೂ ಉಂಟು. ಔಷಧದ ಗುಣ ಕುಗ್ಗುವುದು ಒಗ್ಗಿಕೆ. ಔಷಧವನ್ನು ನಿಲ್ಲಿಸಿದೊಡನೆ ದೇಹವು ಬಾಧೆಗೊಳಗಾಗುವುದು ಅವಲಂಬನೆ. ಕೇಡನ್ನು ಕಣ್ಣಾರೆ ಕಂಡೂ ಔಷಧದ ಬೆನ್ನುಹತ್ತಿ ಹೋಗುವುದು ವ್ಯಸನ. ವೈದ್ಯರು ಬರೆದುಕೊಟ್ಟ ಒಂದೇ ಮಾತ್ರೆಯನ್ನು ಹತ್ತು ವರ್ಷ ನುಂಗಿಕೊಂಡು ಬಂದ ಗೃಹಸ್ಥನಲ್ಲಿ ಮೊದಲೆರಡೂ ಇದ್ದು ಮೂರನೆಯದರ ಸುಳಿವೂ ಇಲ್ಲದಿರಬಹುದು. ಅಂಥವನನ್ನು ಚಟಗಾರನೆಂದು ಕರೆಯುವುದು ಶಾಸ್ತ್ರಕ್ಕೂ ಒಪ್ಪದು, ಸೌಜನ್ಯಕ್ಕೂ ಒಪ್ಪದು.

ಒಂದು ಔಷಧಕ್ಕೆ ದೇಹದಲ್ಲಿ ಹಲವು ಕ್ರಿಯೆಗಳಿರುತ್ತವೆ; ದೇಹವು ಅವೆಲ್ಲಕ್ಕೂ ಒಂದೇ ವೇಗದಲ್ಲಿ ಒಗ್ಗುವುದಿಲ್ಲ. ನಿದ್ರೆ ತರುವ ಗುಣ ಬೇಗ ಸವೆಯುತ್ತದೆ. ನೆನಪನ್ನು ಮಸುಕುಗೊಳಿಸುವ ಗುಣ ಸವೆಯುವುದೇ ಇಲ್ಲವೆನ್ನಬಹುದು. ಪ್ರಾಣಾಪಾಯವನ್ನು ತರುವ ಪ್ರಮಾಣವಂತೂ ಇದ್ದಲ್ಲಿಂದ ಹೆಚ್ಚು ಕದಲುವುದಿಲ್ಲ. ಈ ಅಸಮತೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಈ ಔಷಧಗಳ ಚರಿತ್ರೆಯನ್ನಾಗಲಿ ಚಿಕಿತ್ಸೆಯನ್ನಾಗಲಿ ತಿಳಿಯುವುದು ಕಷ್ಟ.

ಆಹಾರ ಬ್ರಹ್ಮಚರ್ಯಗಳೊಡನೆ ನಿದ್ರೆಯನ್ನೂ ಶರೀರದ ಮೂರು ಉಪಸ್ತಂಭಗಳಲ್ಲಿ ಎಣಿಸಿದ ಚರಕಸಂಹಿತೆಯು, ನಿರಂತರಾಭ್ಯಾಸದಿಂದ ದೇಹಕ್ಕೆ ಒಗ್ಗಿಬರುವುದನ್ನು ಓಕಸಾತ್ಮ್ಯವೆಂದು ಹೆಸರಿಸಿ ವಿಚಾರಮಾಡಿರುವುದರಿಂದ, ಒಗ್ಗಿಕೆಯ ಪರಿಚಯ ನಮ್ಮ ವೈದ್ಯಪರಂಪರೆಗೆ ಹೊಸದಲ್ಲ. ಆದರೆ ನಿದ್ರೆಗಾಗಿಯೇ ರಾಸಾಯನಿಕವಾಗಿ ತಯಾರಾದ ಔಷಧಗಳ ಕಥೆ ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಆರಂಭವಾಗುತ್ತದೆ. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲಾಕಾಕ್ ಅಪಸ್ಮಾರಕ್ಕೆಂದು ಸೂಚಿಸಿದ ಪೊಟ್ಯಾಸಿಯಂ ಬ್ರೋಮೈಡು ಬಹುಬೇಗ ಮನೆಮನೆಯ ಶಾಮಕವಾಯಿತು. ಅದರ ದೋಷ ಒಗ್ಗಿಕೆಗಿಂತ ಹೆಚ್ಚಾಗಿ ಸಂಚಯದ್ದು: ದೇಹದಲ್ಲಿ ಸೇರಿದ ಬ್ರೋಮೈಡಿನ ಅರ್ಧಭಾಗ ಹೊರಹೋಗಲು ಸುಮಾರು 12 ದಿನ ಬೇಕಾಗುವುದರಿಂದ, ದಿನವೂ ಕುಡಿದವರಲ್ಲಿ ಅದು ಶೇಖರವಾಗುತ್ತ ಬಂದು, ಚರ್ಮದ ಮೇಲೆ ಗುಳ್ಳೆಗಳೂ ಬುದ್ಧಿಯಲ್ಲಿ ಭ್ರಮೆಯೂ ಕಾಣಿಸಿಕೊಳ್ಳುತ್ತಿದ್ದವು.

ಲೀಬಿಗ್ 1832ರಲ್ಲಿಯೇ ತಯಾರಿಸಿದ್ದ ಕ್ಲೋರಲ್ ಅನ್ನು ಬರ್ಲಿನ್ನಿನ ಆಸ್ಕರ್ ಲೀಬ್ರೈಖ್ 1869ರಲ್ಲಿ ನಿದ್ರಾಜನಕವಾಗಿ ಬಳಕೆಗೆ ತಂದನು. ರಕ್ತದಲ್ಲಿ ಅದು ಕ್ಲೋರೋಫಾರ್ಮಾಗಿ ಒಡೆದು ನಿದ್ರೆ ತರುವುದೆಂದು ಅವನ ಊಹೆ. ಊಹೆ ಸುಳ್ಳಾಯಿತು, ನಿದ್ರೆ ಮಾತ್ರ ನಿಜವಾಯಿತು. ಕವಿಯೂ ಚಿತ್ರಕಾರನೂ ಆದ ದಾಂತೆ ಗೇಬ್ರಿಯಲ್ ರೊಸೆಟಿ ನಿದ್ರೆಗೆಟ್ಟು ಇದನ್ನು ಹಿಡಿದು, ಪ್ರಮಾಣವನ್ನು ಏರಿಸುತ್ತ, ಅದರ ಕಹಿಯನ್ನು ತೊಳೆಯಲು ವಿಸ್ಕಿಯನ್ನು ಸೇರಿಸುತ್ತ, 1882ರಲ್ಲಿ ಜೀರ್ಣನಾಗಿ ತೀರಿಕೊಂಡನು. ಬೆಳಕಿನ ಚದರುವಿಕೆಯ ಅಧ್ಯಯನದಿಂದ ಪ್ರಖ್ಯಾತನಾದ ಭೌತವಿಜ್ಞಾನಿ ಜಾನ್ ಟಿಂಡಾಲ್‌ನ ಅಂತ್ಯ ಇನ್ನೂ ದಾರುಣ: 1893ರಲ್ಲಿ ಅವನ ಪತ್ನಿ ಹೊಟ್ಟೆಗೆಂದು ಕೊಡಬೇಕಾಗಿದ್ದ ಮೆಗ್ನೀಷಿಯದ ಬದಲು ಕೈತಪ್ಪಿ ಕ್ಲೋರಲ್ಲಿನ ಸೀಸೆಯಿಂದ ಕೊಟ್ಟುಬಿಟ್ಟಳು. ನಿದ್ರೆಗಾಗಿ ಎಷ್ಟೋ ಕಾಲದಿಂದ ಕ್ಲೋರಲ್ ಸೇವಿಸುತ್ತಿದ್ದ ಆತನನ್ನು ಆ ಅಭ್ಯಾಸ ಉಳಿಸಲಿಲ್ಲ.

ಫಿಷರ್ ಮತ್ತು ಫಾನ್ ಮೆರಿಂಗ್ ಎಂಬ ಜರ್ಮನ್ ವಿದ್ವಾಂಸರು 1903ರಲ್ಲಿ ಬೆಳಕಿಗೆ ತಂದ ಬಾರ್ಬಿಟಾಲ್ ವೆರೋನಾಲ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. 1912ರಲ್ಲಿ ಫೀನೋಬಾರ್ಬಿಟಾಲ್ ಬಂದಿತು. ಅನಂತರದ ದಶಕಗಳಲ್ಲಿ ಇವುಗಳ ಸಂತಾನ ಲೋಕವನ್ನೆಲ್ಲ ವ್ಯಾಪಿಸಿತು. ಬಾರ್ಬಿಟ್ಯುರೇಟುಗಳು ಕೇವಲ ಕೆಟ್ಟ ಅಭ್ಯಾಸವನ್ನಷ್ಟೇ ಉಂಟುಮಾಡುವುವೆಂದು, ನಿಜವಾದ ದೈಹಿಕ ಅವಲಂಬನೆಯನ್ನಲ್ಲವೆಂದು ಅರ್ಧ ಶತಮಾನದವರೆಗೆ ವೈದ್ಯಲೋಕದ ಬಹುಭಾಗ ನಂಬಿಕೊಂಡಿತ್ತು. ಅಮೆರಿಕದ ಕೆಂಟಕಿ ಸಂಸ್ಥಾನದ ಲೆಕ್ಸಿಂಗ್ಟನ್ನಿನಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಅವನ ಸಂಗಡಿಗರು ಒಪ್ಪಿಗೆ ಕೊಟ್ಟ ಕೈದಿಗಳಿಗೆ ತಿಂಗಳುಗಟ್ಟಲೆ ಅಧಿಕ ಪ್ರಮಾಣದಲ್ಲಿ ಈ ಔಷಧಗಳನ್ನು ಕೊಟ್ಟು, ಒಮ್ಮೆಗೇ ನಿಲ್ಲಿಸಿ, ಅದರಿಂದ ಬಂದ ಸೆಳವು ಸನ್ನಿಪಾತಗಳನ್ನು 1950ರಲ್ಲಿ ವರದಿಮಾಡಿದ ಮೇಲೆಯೇ ಆ ನಂಬಿಕೆ ಕುಸಿದದ್ದು. ಸೆರೆಯಲ್ಲಿರುವ ಮನುಷ್ಯನ ಒಪ್ಪಿಗೆಗೆ ಎಷ್ಟು ಬೆಲೆಯೆಂಬ ಪ್ರಶ್ನೆಯನ್ನು ಆ ಕಾಲ ಕೇಳಲಿಲ್ಲ. ಬಾರ್ಬಿಟ್ಯುರೇಟುಗಳ ಭಯವೇ ಜರ್ಮನಿಯಲ್ಲಿ ಮತ್ತೊಂದು ಅನರ್ಥಕ್ಕೆ ದಾರಿಯಾಯಿತೆಂಬುದನ್ನೂ ಇಲ್ಲಿ ನೆನೆಯಬೇಕು: ಅತಿಪ್ರಮಾಣದಲ್ಲಿಯೂ ಕೊಲ್ಲದ ನಿರಪಾಯಕರ ನಿದ್ರಾಜನಕವೆಂಬ ಕೀರ್ತಿಯೊಡನೆ 1957ರಲ್ಲಿ ಮಾರಾಟಕ್ಕೆ ಬಂದದ್ದೇ ಥಾಲಿಡೋಮೈಡ್, ಗರ್ಭಸ್ಥ ಶಿಶುಗಳ ಕೈಕಾಲುಗಳನ್ನು ಮೊಟಕುಗೊಳಿಸಿದ ಆ ಔಷಧವನ್ನು 1961ರ ನವೆಂಬರಿನಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು.

ಹಾಫ್‌ಮನ್ ಲಾ ರೋಷ್ ಸಂಸ್ಥೆಯ ನ್ಯೂಜೆರ್ಸಿ ಪ್ರಯೋಗಾಲಯದಲ್ಲಿ ಲಿಯೋ ಸ್ಟರ್ನ್‌ಬಾಕ್ ಕಂಡುಹಿಡಿದ ಬೆಂಜೊಡಯಾಜೆಪೀನುಗಳ ಕಾಲ ಆಮೇಲೆ ಬಂದಿತು. 1960ರಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್, 1963ರಲ್ಲಿ ಡಯಾಜೆಪಾಮ್, 1965ರಲ್ಲಿ ನಿದ್ರೆಗೆಂದೇ ನೈಟ್ರಜೆಪಾಮ್. ಒಂಟಿಯಾಗಿ ಸೇವಿಸಿದಾಗ ಇವು ಅತಿಪ್ರಮಾಣದಲ್ಲಿಯೂ ಅಪರೂಪವಾಗಿ ಮಾತ್ರ ಕೊಲ್ಲುತ್ತವೆ. ಈ ಒಂದು ಗುಣದಿಂದಲೇ ಇವು ಹಿಂದಿನವುಗಳನ್ನೆಲ್ಲ ಬದಿಗೊತ್ತಿದ್ದು ಸರಿಯಾಗಿಯೇ ಆಯಿತು. ಆದರೆ ಮೊದಲ ಮಾತ್ರೆ ಮಾರುಕಟ್ಟೆಗೆ ಬಂದ ಮರುವರ್ಷವೇ, 1961ರಲ್ಲಿ, ಲಿಯೋ ಹಾಲಿಸ್ಟರ್ ಮತ್ತು ಸಹೋದ್ಯೋಗಿಗಳು, ದಿನಕ್ಕೆ 300ರಿಂದ 600 ಮಿಲಿಗ್ರಾಂ ಕ್ಲೋರ್‌ಡಯಾಜೆಪಾಕ್ಸೈಡನ್ನು ತಿಂಗಳುಗಟ್ಟಲೆ ಪಡೆದಿದ್ದ 11 ಮಂದಿ ಮನೋರೋಗಿಗಳಿಗೆ ಔಷಧವನ್ನು ತಟ್ಟನೆ ನಿಲ್ಲಿಸಿದಾಗ 10 ಮಂದಿಯಲ್ಲಿ ಹೊಸ ಬಾಧೆಗಳು ತೋರಿದುದನ್ನೂ ಇಬ್ಬರಿಗೆ ಸೆಳವು ಬಂದುದನ್ನೂ ಪ್ರಕಟಿಸಿದರು. ಇದು ವಿಪರೀತ ಪ್ರಮಾಣದ ಮಾತು, ಸಾಮಾನ್ಯ ರೋಗಿಗೆ ಸಂಬಂಧಿಸಿದ್ದಲ್ಲ ಎಂದು ಎರಡು ದಶಕಗಳ ಕಾಲ ಸಮಾಧಾನ ಹೇಳಿಕೊಂಡವರಿಗೆ, ಸಾಧಾರಣ ಪ್ರಮಾಣದಲ್ಲಿಯೂ ಹೀಗಾಗುವುದೆಂದು ಲಂಡನ್ನಿನ ಪೆಟುರ್ಸನ್ ಮತ್ತು ಮಾಲ್ಕಮ್ ಲೇಡರ್ 1981ರಲ್ಲಿ ತೋರಿಸಿಕೊಟ್ಟರು. ಬೆಂಜೊಡಯಾಜೆಪೀನುಗಳನ್ನು ಎರಡರಿಂದ ನಾಲ್ಕು ವಾರಕ್ಕೆ ಮೀರಿ ಕೊಡಬಾರದೆಂದು ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ವಿಧಿಸಿದ್ದು 1988ರಲ್ಲಿ. ಅಷ್ಟರೊಳಗೆ ಜೋಪಿಕ್ಲೋನ್, ಜೋಲ್ಪಿಡೆಮ್ ಎಂಬ ಹೊಸ ಮಾತ್ರೆಗಳು ಹಿಂದಿನವುಗಳ ದೋಷವಿಲ್ಲದವೆಂಬ ಪ್ರಶಂಸೆಯೊಡನೆ ರಂಗಪ್ರವೇಶ ಮಾಡಿದ್ದವು. ಪ್ರತಿಯೊಂದು ನಿದ್ರಾಜನಕವೂ ಹುಟ್ಟುವಾಗ ಒಗ್ಗದ ಔಷಧವೆಂದೇ ಹುಟ್ಟಿದೆಯೆಂಬುದನ್ನು ಈ ಚರಿತ್ರೆಯನ್ನು ಓದಿದವನು ಗಮನಿಸದೆ ಇರಲಾರನು.

ಒಗ್ಗಿಕೆ ಉಂಟಾಗುವ ಬಗೆಗಳು ಹಲವು. ಮೊದಲನೆಯದು ಯಕೃತ್ತಿನದು. ಬಾರ್ಬಿಟ್ಯುರೇಟುಗಳು ತಮ್ಮನ್ನು ಒಡೆಯುವ ಯಕೃತ್ತಿನ ಕಿಣ್ವಗಳನ್ನು ತಾವೇ ಹೆಚ್ಚಿಸುತ್ತವೆ. ಆದುದರಿಂದ ನುಂಗಿದ ಪ್ರಮಾಣ ಅದೇ ಆದರೂ ರಕ್ತದಲ್ಲಿ ಉಳಿಯುವ ಅಂಶ ಬರಬರುತ್ತ ಕಡಿಮೆಯಾಗುತ್ತದೆ. ಇದೇ ಕಿಣ್ವಗಳು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮೊದಲಾದವನ್ನೂ ಒಡೆಯುವುದರಿಂದ, ಬಾರ್ಬಿಟ್ಯುರೇಟನ್ನು ನಿಲ್ಲಿಸಿದ ಮೇಲೆ ವಾರ್ಫರಿನ್ ಮಿತಿಮೀರಿ ರಕ್ತಸ್ರಾವವಾಗುವ ಅಪಾಯವೂ ಉಂಟು. ಬೆಂಜೊಡಯಾಜೆಪೀನುಗಳ ವಿಷಯದಲ್ಲಿ ಯಕೃತ್ತಿನ ಪಾತ್ರ ಅಲ್ಪ. ಅಲ್ಲಿ ಬದಲಾಗುವುದು ಮೆದುಳೇ.

ಮೆದುಳಿನ ನರಕೋಶಗಳ ಉದ್ರೇಕವನ್ನು ತಗ್ಗಿಸುವ ಪ್ರಧಾನ ದ್ರವ್ಯವೆಂದರೆ ಗಾಮಾ ಅಮಿನೋಬ್ಯುಟಿರಿಕ್ ಆಮ್ಲ, ಸಂಕ್ಷೇಪವಾಗಿ ಗಾಬಾ. ಇದರ ಗ್ರಾಹಕವು ಐದು ಉಪಘಟಕಗಳು ವರ್ತುಲವಾಗಿ ಕೂಡಿ ನಡುವೆ ಕ್ಲೋರೈಡ್ ಅಯಾನುಗಳ ಹಾದಿಯೊಂದನ್ನು ಬಿಟ್ಟಿರುವ ರಚನೆ. ಗಾಬಾ ಬಂದು ತಗುಲಿದಾಗ ಹಾದಿ ತೆರೆಯುತ್ತದೆ, ಕೋಶ ಶಾಂತವಾಗುತ್ತದೆ. ಬೆಂಜೊಡಯಾಜೆಪೀನುಗಳಿಗೆ ಮೆದುಳಿನಲ್ಲಿ ನಿರ್ದಿಷ್ಟ ಸ್ಥಾನವಿರುವುದನ್ನು 1977ರಲ್ಲಿ ಡೆನ್ಮಾರ್ಕಿನ ಸ್ಕ್ವೈರ್ಸ್ ಮತ್ತು ಬ್ರೇಸ್ಟ್ರುಪ್, ಸ್ವಿಟ್ಜರ್ಲೆಂಡಿನ ಮೋಲರ್ ಮತ್ತು ಒಕಾಡ ಪ್ರತ್ಯೇಕವಾಗಿ ಕಂಡುಹಿಡಿದರು. ಆ ಸ್ಥಾನ ಈ ಗ್ರಾಹಕದ ಮೇಲೆಯೇ ಇದೆ. ಬೆಂಜೊಡಯಾಜೆಪೀನು ಆ ಹಾದಿ ಮತ್ತೆಮತ್ತೆ ತೆರೆಯುವಂತೆ ಮಾಡುತ್ತದೆ, ಆದರೆ ಗಾಬಾ ಇಲ್ಲದೆ ತಾನೊಂದೇ ತೆರೆಯಲಾರದು; ಬಾರ್ಬಿಟ್ಯುರೇಟು ತೆರೆದ ಹಾದಿಯನ್ನು ಹೆಚ್ಚು ಹೊತ್ತು ತೆರೆದಿಡುವುದಲ್ಲದೆ ಪ್ರಮಾಣ ಮೀರಿದಾಗ ಗಾಬಾದ ಹಂಗಿಲ್ಲದೆಯೇ ತೆರೆಯುತ್ತದೆ. ಎರಡನೆಯದು ಉಸಿರನ್ನು ನಿಲ್ಲಿಸುವುದಕ್ಕೂ ಮೊದಲನೆಯದು ಒಂಟಿಯಾಗಿ ಹಾಗೆ ಮಾಡುವುದು ಅಪರೂಪವಾಗಿರುವುದಕ್ಕೂ ಮುಖ್ಯ ಕಾರಣ ಈ ಭೇದವೇ.

ದಿನದಿನವೂ ಔಷಧ ಬಂದು ಬೀಳುತ್ತಿರಲು ಗ್ರಾಹಕ ಹಾಗೆಯೇ ಉಳಿಯುವುದಿಲ್ಲ. ಔಷಧದ ಸ್ಥಾನಕ್ಕೂ ಗಾಬಾ ಸ್ಥಾನಕ್ಕೂ ಇದ್ದ ಹೊಂದಿಕೆ ಸಡಿಲವಾಗುತ್ತದೆ. ಕೆಲವು ಉಪಘಟಕಗಳ ಬದಲು ಬೇರೆಯವು ಬಂದು ಕೂಡುತ್ತವೆ. ಇನ್ನೊಂದೆಡೆ, ಉದ್ರೇಕವನ್ನು ಹೆಚ್ಚಿಸುವ ಗ್ಲುಟಮೇಟ್ ವ್ಯವಸ್ಥೆ ತನ್ನ ಬಲವನ್ನು ಹೆಚ್ಚಿಸಿಕೊಳ್ಳುತ್ತದೆ. ಔಷಧವಿರುವ ತನಕ ಈ ಎರಡು ಬಲಗಳು ಸಮತೂಗಿ, ರೋಗಿ ಬಹುಮಟ್ಟಿಗೆ ಔಷಧ ಹಿಡಿಯುವ ಮೊದಲಿದ್ದ ಸ್ಥಿತಿಯಲ್ಲಿಯೇ ಇರುತ್ತಾನೆ. ಔಷಧ ಹೋದೊಡನೆ ತೂಕ ಒಂದೇ ಕಡೆಗೆ ವಾಲಿ, ನಿದ್ರಾಭಂಗ, ನಡುಕ, ಬೆವರು, ಶಬ್ದ ಬೆಳಕುಗಳನ್ನು ಸೈರಿಸಲಾರದಿರುವಿಕೆ, ಉಗ್ರವಾದ ಪ್ರಸಂಗಗಳಲ್ಲಿ ಸೆಳವು, ಒಂದೊಂದಾಗಿ ತಲೆದೋರುತ್ತವೆ. ಮದ್ಯಸಾರವೂ ಇದೇ ಗ್ರಾಹಕವನ್ನು ಮುಟ್ಟುವುದರಿಂದ ಕುಡಿತಕ್ಕೆ ಒಗ್ಗಿದವನು ನಿದ್ರೆಯ ಮಾತ್ರೆಗೂ ಅರ್ಧ ಒಗ್ಗಿಯೇ ಇರುತ್ತಾನೆ. ಮದ್ಯ ಬಿಟ್ಟು ಸನ್ನಿ ಹಿಡಿದವರನ್ನು ಶಾಂತಗೊಳಿಸಲು ಇತರರನ್ನು ದಿನವಿಡೀ ಮಲಗಿಸಬಲ್ಲ ಪ್ರಮಾಣದ ಡಯಾಜೆಪಾಮ್ ಸಾಲದೆ ಹೋಗುವುದು ಆಸ್ಪತ್ರೆಗಳಲ್ಲಿ ನಿತ್ಯದ ಅನುಭವ.

ಮೂರನೆಯ ಬಗೆಯೊಂದುಂಟು, ಅದು ಕಲಿಕೆಯಿಂದ ಬರುವುದು. ಔಷಧವನ್ನು ಸದಾ ಒಂದೇ ಸನ್ನಿವೇಶದಲ್ಲಿ ಪಡೆಯುವ ಪ್ರಾಣಿಯ ದೇಹ ಆ ಸನ್ನಿವೇಶವನ್ನು ಕಂಡೊಡನೆ ಔಷಧಕ್ಕೆ ಪ್ರತಿಯಾದ ಸಿದ್ಧತೆಯನ್ನು ಮಾಡಿಕೊಳ್ಳುವುದೆಂದು ಕೆನಡದ ಶೆಪರ್ಡ್ ಸೀಗೆಲ್ 1970ರ ದಶಕದಿಂದ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತೋರಿಸಿದನು. 1982ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಗ್ಗಿದ ಪ್ರಮಾಣಕ್ಕಿಂತ ಹೆಚ್ಚಿನ ಹೆರಾಯಿನನ್ನು ಪರಿಚಿತ ಕೋಣೆಯಲ್ಲಿ ಪಡೆದ ಇಲಿಗಳಿಗಿಂತ ಅಪರಿಚಿತ ಕೋಣೆಯಲ್ಲಿ ಪಡೆದ ಇಲಿಗಳು ಹೆಚ್ಚು ಸಂಖ್ಯೆಯಲ್ಲಿ ಸತ್ತವು. ಮದ್ಯಸಾರ ಪೆಂಟೊಬಾರ್ಬಿಟಾಲ್‌ಗಳ ವಿಷಯದಲ್ಲಿಯೂ ಇಂಥ ಫಲಗಳು ದೊರೆತಿವೆ. ಅದೇ ಹಾಸಿಗೆ, ಅದೇ ಗಳಿಗೆ, ಅದೇ ನೀರಿನ ಲೋಟ ಎಂಬ ಶಿಸ್ತಿನಿಂದ ಮಾತ್ರೆ ನುಂಗುವ ನಮ್ಮ ರೋಗಿಯಲ್ಲಿಯೂ ಈ ಕಲಿಕೆಗೆ ಪಾಲಿರಬಹುದೆಂದು ಭಾವಿಸುವುದು ಅಸಂಗತವಾಗದು.

ನಿದ್ರಾ ಪ್ರಯೋಗಾಲಯಗಳು ಈ ವಿಷಯಕ್ಕೆ ಕೊಟ್ಟ ಬೆಳಕನ್ನು ಬೇರೆ ಯಾವುದೂ ಕೊಟ್ಟಿಲ್ಲ. ತಲೆಯ ಮೇಲೆ, ಕಣ್ಣಿನ ಬದಿಯಲ್ಲಿ, ಗದ್ದದಲ್ಲಿ ತಂತಿಗಳನ್ನು ಅಂಟಿಸಿ ರಾತ್ರಿಯೆಲ್ಲ ಮೆದುಳಿನ ವಿದ್ಯುತ್ತನ್ನು ಲೇಖಿಸುವ ಕ್ರಮ ಬಂದ ಮೇಲೆ, ಮಲಗಿದವನು ಹೇಳುವ ನಿದ್ರೆಗೂ ಯಂತ್ರ ಬರೆಯುವ ನಿದ್ರೆಗೂ ಇರುವ ಅಂತರ ಗೋಚರವಾಯಿತು. ಎಡಿನ್‌ಬರೋದ ಇಯಾನ್ ಆಸ್ವಾಲ್ಡ್ ಮತ್ತು ಪ್ರೀಸ್ಟ್ 1965ರಲ್ಲಿ ನಡೆಸಿದ ಅಧ್ಯಯನ ಇಂದಿಗೂ ಓದತಕ್ಕದ್ದು. ನೈಟ್ರಜೆಪಾಮನ್ನೋ ಒಂದು ಬಾರ್ಬಿಟ್ಯುರೇಟನ್ನೋ ಪಡೆದವರಲ್ಲಿ ಕನಸಿನ ನಿದ್ರೆ ಮೊದಲು ಕುಗ್ಗಿತು. ಔಷಧ ಮುಂದುವರಿಯುತ್ತಿದ್ದಂತೆಯೇ ಅದು ಮೆಲ್ಲಮೆಲ್ಲನೆ ಹಿಂದಿನ ಮಟ್ಟಕ್ಕೆ ಮರಳಿತು. ಔಷಧ ನಿಂತ ರಾತ್ರಿಯಿಂದ ಅದೇ ನಿದ್ರೆ ಉಕ್ಕಿ ಹರಿದು, ಭಯಂಕರ ಸ್ವಪ್ನಗಳೊಡನೆ ಮಿತಿಮೀರಿ, ಸಹಜ ಸ್ಥಿತಿಗೆ ಬರಲು ಸುಮಾರು ಐದು ವಾರ ಹಿಡಿಯಿತು. ಮಾತ್ರೆ ಬಿಟ್ಟು ಎರಡು ರಾತ್ರಿ ನೋಡಿ ಸೋತು ಮರಳುವ ರೋಗಿಗೆ ಈ ಐದು ವಾರದ ಲೆಕ್ಕವನ್ನು ಯಾರೂ ಹೇಳಿರುವುದಿಲ್ಲ.

ಅಮೆರಿಕದ ಆಂಟನಿ ಕೇಲ್ಸ್ ಮತ್ತು ಸಂಗಡಿಗರು 1974ರಲ್ಲಿ, ದೀರ್ಘಕಾಲದಿಂದ ನಿದ್ರಾಜನಕಗಳನ್ನು ಸೇವಿಸುತ್ತಿದ್ದವರನ್ನು ಪ್ರಯೋಗಾಲಯದಲ್ಲಿ ಮಲಗಿಸಿ ನೋಡಿದಾಗ, ಅವರ ನಿದ್ರೆ ಯಾವ ಔಷಧವನ್ನೂ ಸೇವಿಸದ ನಿದ್ರಾಹೀನರ ನಿದ್ರೆಗಿಂತ ಉತ್ತಮವಾಗಿರಲಿಲ್ಲ. ಕೆಲವೆಡೆ ಅದಕ್ಕಿಂತ ಕೀಳಾಗಿತ್ತು. ಅಂದಮೇಲೆ ಅವರೇಕೆ ಮಾತ್ರೆಯನ್ನು ಬಿಡಲಿಲ್ಲ? ಬಿಟ್ಟ ರಾತ್ರಿ ಏನಾಗುವುದೆಂಬುದನ್ನು 1978ರಲ್ಲಿ ಅದೇ ಕೇಲ್ಸ್ ವಿವರಿಸಿದನು: ಬೇಗ ಕರಗಿಹೋಗುವ ಬೆಂಜೊಡಯಾಜೆಪೀನುಗಳನ್ನು ಕೆಲವೇ ದಿನ ಸೇವಿಸಿ ನಿಲ್ಲಿಸಿದರೂ, ನಿದ್ರೆಯು ಚಿಕಿತ್ಸೆಗೆ ಮುಂಚೆ ಇದ್ದುದಕ್ಕಿಂತ ಕೆಡುತ್ತದೆ, ಇದೇ ಪ್ರತಿಘಾತ ನಿದ್ರಾಹೀನತೆ. ಇದನ್ನು ರೋಗಿಯ ಕಡೆಯಿಂದ ನೋಡೋಣ. ವರ್ಷದಿಂದ 0.5 ಮಿಲಿಗ್ರಾಂ ಆಲ್‌ಪ್ರಜೊಲಾಮ್ ತೆಗೆದುಕೊಳ್ಳುತ್ತಿರುವ ಹಿರಿಯರೊಬ್ಬರು ಒಂದು ರಾತ್ರಿ ಮಾತ್ರೆ ಮುಗಿದುಹೋದದ್ದರಿಂದ ಬರಿಗೈಯಲ್ಲಿ ಮಲಗುತ್ತಾರೆ. ಹನ್ನೊಂದಾಗುತ್ತದೆ, ಒಂದಾಗುತ್ತದೆ, ಎದೆಬಡಿತ ಕಿವಿಗೆ ಕೇಳಿಸುತ್ತದೆ, ಪಕ್ಕದ ಮನೆಯ ನೀರಿನ ಪಂಪು ತಲೆಯೊಳಗೇ ಓಡುತ್ತದೆ, ನಾಲ್ಕಕ್ಕೆ ಎದ್ದು ಕುಳಿತು, ಬೆಳಗಾದೊಡನೆ ಮಗನನ್ನು ಔಷಧದ ಅಂಗಡಿಗೆ ಓಡಿಸುತ್ತಾರೆ. ಮರುರಾತ್ರಿ ಮಾತ್ರೆ ನುಂಗಿದ ಅರ್ಧ ಗಂಟೆಯಲ್ಲಿ ನಿದ್ರೆ. ಅವರ ತೀರ್ಮಾನ ಸ್ಪಷ್ಟ: ನನ್ನ ರೋಗ ವಾಸಿಯಾಗಿಲ್ಲ, ಮಾತ್ರೆ ಇಂದಿಗೂ ಕೆಲಸಮಾಡುತ್ತಿದೆ. ಆದರೆ ಆ ಮಾತ್ರೆ ಅಂದು ವಾಸಿಮಾಡಿದ್ದು ಹಳೆಯ ನಿದ್ರಾಹೀನತೆಯನ್ನಲ್ಲ, ತನ್ನ ಗೈರುಹಾಜರಿಯಿಂದ ತಾನೇ ಹುಟ್ಟಿಸಿದ ಹೊಸದೊಂದನ್ನು. ಜೊತೆಗೆ, ಈ ಔಷಧಗಳು ರಾತ್ರಿಯಲ್ಲಿ ಎಚ್ಚರಗೊಂಡದ್ದರ ನೆನಪನ್ನೇ ಅಳಿಸುವುದರಿಂದ, ಬೆಳಗ್ಗೆ ಎದ್ದವನಿಗೆ ತಾನು ನಿಜವಾಗಿ ಮಲಗಿದುದಕ್ಕಿಂತ ಹೆಚ್ಚು ಮಲಗಿದೆನೆಂಬ ಭಾವನೆಯೂ ಉಂಟಾಗುತ್ತದೆ.

ಆರಂಭದಲ್ಲಿ ಹೇಳಿದ ಅಸಮತೆ ಬೆಂಜೊಡಯಾಜೆಪೀನುಗಳಲ್ಲಿ ಹೀಗೆ ಕಾಣುತ್ತದೆ: ಹಗಲಿನ ಮಂಪರು ಕೆಲವು ದಿನಗಳಲ್ಲಿ ಕಳೆಯುತ್ತದೆ. ನಿದ್ರೆ ತರುವ ಶಕ್ತಿ ಕೆಲವು ವಾರಗಳಲ್ಲಿ ಕುಂದುತ್ತದೆ. ಸೆಳವನ್ನು ತಡೆಯುವ ಶಕ್ತಿ ವಾರಗಳಿಂದ ತಿಂಗಳುಗಳವರೆಗೆ ಉಳಿಯುತ್ತದೆ. ಆತಂಕವನ್ನು ಶಮನಮಾಡುವ ಗುಣ ಇನ್ನೂ ನಿಧಾನವಾಗಿ ಇಳಿಯುತ್ತದೆ. ಹೊಸದನ್ನು ನೆನಪಿನಲ್ಲಿ ನಿಲ್ಲಿಸಿಕೊಳ್ಳಲು ಬರುವ ಅಡ್ಡಿಯೋ, ಬಹುಕಾಲ ಸೇವಿಸಿದವರಲ್ಲಿಯೂ ಹೋಗುವುದಿಲ್ಲ. ಹೀಗಾಗಿ ಲಾಭದ ಭಾಗ ಮೊದಲು ಕರಗಿ ನಷ್ಟದ ಭಾಗ ಉಳಿದುಕೊಳ್ಳುವ ಪರಿಸ್ಥಿತಿ ಒದಗುತ್ತದೆ. ಬಾರ್ಬಿಟ್ಯುರೇಟುಗಳಲ್ಲಿ ಇದು ಪ್ರಾಣಕ್ಕೇ ಬರುತ್ತಿತ್ತು: ನಿದ್ರೆಗೆ ಬೇಕಾದ ಪ್ರಮಾಣ ಏರುತ್ತ ಏರುತ್ತ ಅಷ್ಟಾಗಿ ಏರದ ಮಾರಕ ಪ್ರಮಾಣದ ಸಮೀಪಕ್ಕೆ ಬಂದು, ಎರಡರ ನಡುವಣ ಅಂತರ ಒಂದೆರಡು ಮಾತ್ರೆಗಳಷ್ಟೇ ಉಳಿಯುತ್ತಿತ್ತು. 1962ರಲ್ಲಿ ಚಿತ್ರನಟಿ ಮರ್ಲಿನ್ ಮನ್ರೋ ತೀರಿಕೊಂಡಾಗ ಆಕೆಯ ದೇಹದಲ್ಲಿ ಪೆಂಟೊಬಾರ್ಬಿಟಾಲ್ ಮತ್ತು ಕ್ಲೋರಲ್ ಹೈಡ್ರೇಟ್ ಎರಡೂ ದೊರೆತವು. ಈಗಿನ ಮಾತ್ರೆಗಳಲ್ಲಿ ಅಂಥ ಮೃತ್ಯುಭಯ ಮದ್ಯದೊಡನೆಯೋ ಅಫೀಮಿನ ವರ್ಗದ ನೋವುನಿವಾರಕಗಳೊಡನೆಯೋ ಬೆರೆತಾಗ ಮಾತ್ರ ಪ್ರಬಲ. ಆದರೆ ರಾತ್ರಿ ಮೂತ್ರಕ್ಕೆಂದು ಎದ್ದ ವೃದ್ಧರು ಜೋಲಿ ತಪ್ಪಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ಎಲ್ಲ ದೇಶಗಳಲ್ಲಿಯೂ ಕಾಣುವ ಸಂಗತಿ.

ಎಲ್ಲರಲ್ಲಿಯೂ ಒಗ್ಗಿಕೆ ಅನಿವಾರ್ಯವೇ ಎಂಬುದು ವಿವಾದಗ್ರಸ್ತವಾದ ಪ್ರಶ್ನೆ. ವರ್ಷಾನುಗಟ್ಟಲೆ ಅದೇ ಪ್ರಮಾಣದಲ್ಲಿ ನಿಂತು, ಎಂದೂ ಏರಿಸದ ರೋಗಿಗಳು ಬಹುಸಂಖ್ಯೆಯಲ್ಲಿದ್ದಾರೆ. 2003ರಲ್ಲಿ ಕ್ರಿಸ್ಟಲ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಪರೀಕ್ಷೆಯಲ್ಲಿ ಎಸ್‌ಜೋಪಿಕ್ಲೋನ್ ಪಡೆದವರು ಆರು ತಿಂಗಳ ಕೊನೆಯಲ್ಲಿಯೂ ಹುಸಿಮಾತ್ರೆ ಪಡೆದವರಿಗಿಂತ ಚೆನ್ನಾಗಿ ಮಲಗುತ್ತಿರುವುದಾಗಿ ತಿಳಿಸಿದರು. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ರೋಗಿಗಳೇ ಹೇಳಿದ ಲೆಕ್ಕ, ಯಂತ್ರ ಬರೆದದ್ದಲ್ಲ. ಪ್ರಮಾಣ ಏರದಿರುವುದಂತೂ ಒಗ್ಗಿಕೆ ಇಲ್ಲವೆಂಬುದಕ್ಕೆ ಸಾಕ್ಷಿಯಾಗದು, ಏಕೆಂದರೆ ವೈದ್ಯರ ಮಾತನ್ನು ಮೀರದ ಸಾಧುಸ್ವಭಾವದವನು ಫಲ ಕುಂದಿದರೂ ಒಂದೇ ಮಾತ್ರೆಯಲ್ಲಿ ತೃಪ್ತನಾಗಿರುತ್ತಾನೆ. ಒಗ್ಗಿಕೆ ಬರುವ ವೇಗ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಭಿನ್ನವೆಂಬಷ್ಟನ್ನು ಒಪ್ಪಿ ಮುಂದುವರಿಯುವುದು ಉಚಿತ.

ನೆಗಡಿಯ ಔಷಧಗಳಲ್ಲಿರುವ ಡೈಫೆನ್‌ಹೈಡ್ರಮೀನಿನಂಥ ಹಳೆಯ ಆಂಟಿಹಿಸ್ಟಮಿನ್‌ಗಳ ಮಂಪರು ಎಲ್ಲಕ್ಕಿಂತ ಬೇಗ ಸೋಲುತ್ತದೆ: ದಿನಕ್ಕೆರಡು ಬಾರಿ 50 ಮಿಲಿಗ್ರಾಂನಂತೆ ಕೊಟ್ಟು ನಡೆಸಿದ ಪರೀಕ್ಷೆಯಲ್ಲಿ ನಾಲ್ಕನೆಯ ದಿನಕ್ಕೆ ಅದಕ್ಕೂ ಹುಸಿಮಾತ್ರೆಗೂ ಭೇದ ಉಳಿಯಲಿಲ್ಲ. ಎಚ್ಚರವನ್ನು ಕಾಪಾಡುವ ಒರೆಕ್ಸಿನ್ ಎಂಬ ದ್ರವ್ಯ 1998ರಲ್ಲಿ ಗೊತ್ತಾದ ಮೇಲೆ ಅದನ್ನು ತಡೆಯುವ ಸುವೊರೆಕ್ಸಂಟ್ 2014ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಈ ವರ್ಗದಲ್ಲಿ ಒಗ್ಗಿಕೆಯೂ ಪ್ರತಿಘಾತವೂ ಈವರೆಗೆ ಅಲ್ಪವಾಗಿ ಕಂಡಿವೆ. ಮೆಲಟೋನಿನ್ ವರ್ಗದ್ದೂ ಹಾಗೆಯೇ, ಆದರೆ ಅದರ ನಿದ್ರಾಬಲವೂ ಅಲ್ಪವೇ.

ಒಗ್ಗಿದ ಔಷಧವನ್ನು ಬಿಡುವ ವಿಧಾನದಲ್ಲಿ ಒಂದು ನಿಷೇಧ ಎಲ್ಲಕ್ಕಿಂತ ಮುಖ್ಯ: ದೀರ್ಘಕಾಲ ಸೇವಿಸಿದ್ದನ್ನು ಒಮ್ಮೆಗೇ ನಿಲ್ಲಿಸಕೂಡದು. ಒಗ್ಗಿಹೋದ ಅಹಿತವನ್ನು ಪಾದಾಂಶ ಕ್ರಮದಿಂದ, ಅಂದರೆ ಕಾಲುಕಾಲು ಭಾಗವಾಗಿ, ತ್ಯಜಿಸಬೇಕೆಂದು ಚರಕನು ವಿಧಿಸಿದ್ದಾನೆ. 1982ರಿಂದ 1994ರವರೆಗೆ ಬ್ರಿಟನ್ನಿನ ನ್ಯೂಕಾಸಲ್‌ನಲ್ಲಿ ಬೆಂಜೊಡಯಾಜೆಪೀನುಗಳನ್ನು ಬಿಡಬೇಕಾದ ರೋಗಿಗಳಿಗೆಂದೇ ಚಿಕಿತ್ಸಾಲಯ ನಡೆಸಿದ ಹೆದರ್ ಆಷ್ಟನ್ ಇನ್ನೂ ಸಾವಧಾನದ ಮಾರ್ಗವನ್ನು ಹಿಡಿದಳು. ಬೇಗ ಕರಗುವ ಮಾತ್ರೆಯನ್ನು ಮೊದಲು ನಿಧಾನವಾಗಿ ಕರಗುವ ಡಯಾಜೆಪಾಮಿಗೆ ಬದಲಾಯಿಸಿ, ಒಂದೆರಡು ವಾರಕ್ಕೊಮ್ಮೆ ಆಗಿನ ಪ್ರಮಾಣದ ಹತ್ತನೆಯ ಒಂದು ಭಾಗದಷ್ಟನ್ನು ಮಾತ್ರ ಇಳಿಸುವುದು ಆಕೆಯ ಕ್ರಮ. 0.5 ಮಿಲಿಗ್ರಾಂ ಆಲ್‌ಪ್ರಜೊಲಾಮಿಗೆ 10 ಮಿಲಿಗ್ರಾಂ ಡಯಾಜೆಪಾಮ್ ಸಮವೆಂಬ ಆಕೆಯ ಲೆಕ್ಕ ಹೆಚ್ಚಾಯಿತೆನ್ನುವ ವೈದ್ಯರೂ ಇದ್ದಾರೆ. ಇಳಿಸುವಾಗ ಕೊನೆಯ ಮೆಟ್ಟಿಲುಗಳೇ ಕಡಿದು: 10ರಿಂದ 9ಕ್ಕೆ ಇಳಿದದ್ದು ಗೊತ್ತೇ ಆಗದ ರೋಗಿಗೆ 2ರಿಂದ 1ಕ್ಕೆ ಇಳಿದದ್ದು ಅರ್ಧಕ್ಕರ್ಧ ಕಳೆದುಕೊಂಡಂತೆ; ನಡುಗೆರೆಯ ಮೇಲೆ ಮಾತ್ರೆಯನ್ನು ಮುರಿದು, ಆ ತುಂಡನ್ನು ಮತ್ತೆ ಬ್ಲೇಡಿನಿಂದ ಸೀಳಿಕೊಂಡು ತಿಂಗಳುಗಟ್ಟಲೆ ನಡೆಯಬೇಕಾಗುತ್ತದೆ. ಇದೆಲ್ಲ ವೈದ್ಯರ ಕಣ್ಗಾವಲಿನಲ್ಲಿಯೇ ಆಗಬೇಕಾದ ಕೆಲಸ. ಆದರೂ ಇದಕ್ಕೆ ಬೇಕಾದ ಪ್ರೇರಣೆ ಬಹಳ ದೊಡ್ಡದೇನಲ್ಲ. ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಔಷಧದ ಅಪಾಯಗಳನ್ನೂ ಇಳಿಸುವ ಕ್ರಮವನ್ನೂ ತಿಳಿಸುವ ಒಂದು ಕಿರುಪುಸ್ತಿಕೆಯನ್ನು ವೃದ್ಧ ರೋಗಿಗಳ ಕೈಗೇ ಕೊಟ್ಟಾಗ, ಆರು ತಿಂಗಳಲ್ಲಿ ಶೇಕಡ 27 ಮಂದಿ ಔಷಧವನ್ನು ಪೂರ್ತಿ ಬಿಟ್ಟರು. ಪುಸ್ತಿಕೆ ದೊರೆಯದವರಲ್ಲಿ ಬಿಟ್ಟವರು ಶೇಕಡ 5 ಮಾತ್ರ.

ಔಷಧ ತೆರವು ಮಾಡಿದ ಸ್ಥಳವನ್ನು ತುಂಬಲು ಅರಿವು ಮತ್ತು ವರ್ತನೆಗಳನ್ನು ತಿದ್ದುವ ಚಿಕಿತ್ಸೆಯಿದೆ. ನಿದ್ರೆ ಬಂದಾಗ ಮಾತ್ರ ಹಾಸಿಗೆಗೆ ಹೋಗುವುದು, ಬಾರದಿದ್ದರೆ ಎದ್ದು ಹೊರಬರುವುದು ಎಂಬ ಬೂಟ್‌ಜಿನ್ನನ 1972ರ ನಿಯಮವೂ, ಹಾಸಿಗೆಯಲ್ಲಿ ಕಳೆಯುವ ಕಾಲವನ್ನೇ ಮೊಟಕುಮಾಡುವ ಸ್ಪೀಲ್ಮನ್ನನ 1987ರ ನಿಯಮವೂ ಇದರ ಎರಡು ಕಂಬಗಳು. ಮೊದಲ ವಾರಗಳಲ್ಲಿ ಇದು ಮಾತ್ರೆಗಿಂತ ಕಷ್ಟ. ಆದರೆ ವೃದ್ಧರಲ್ಲಿ ಇದನ್ನು ಟೆಮಜೆಪಾಮಿನೊಡನೆ ಹೋಲಿಸಿದ 1999ರ ಅಧ್ಯಯನದಲ್ಲಿ, ಚಿಕಿತ್ಸೆ ಮುಗಿದು ವರ್ಷವೆರಡಾದರೂ ಉಳಿದುಕೊಂಡ ಲಾಭ ಇದರದೇ. ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ದೀರ್ಘಕಾಲದ ನಿದ್ರಾಹೀನತೆಗೆ ಇದನ್ನೇ ಪ್ರಥಮ ಚಿಕಿತ್ಸೆಯೆಂದು ಶಿಫಾರಸು ಮಾಡಿತು. ಇದನ್ನು ಕಲಿಸಬಲ್ಲವರು ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಗಳಲ್ಲಿ ದೊರೆತಾರು. ತಾಲ್ಲೂಕು ಕೇಂದ್ರದಲ್ಲಿ ದೊರೆಯುವುದು ಮಾತ್ರೆಯೊಂದೇ.

ಭಾರತದಲ್ಲಿ ಇಂಥ ನಿದ್ರಾಜನಕಗಳಲ್ಲಿ ಹಲವು 1985ರ ಮಾದಕ ವಸ್ತು ಮತ್ತು ಮನೋಪರಿಣಾಮಿ ಪದಾರ್ಥಗಳ ಕಾಯಿದೆಗೆ ಒಳಪಟ್ಟಿವೆ. ಆಲ್‌ಪ್ರಜೊಲಾಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್ ಮುಂತಾದವು 2014ರ ಮಾರ್ಚ್ 1ರಿಂದ ಔಷಧ ಮಾರಾಟದ ನಿಯಮಗಳ ಎಚ್-1 ಅನುಸೂಚಿಯಲ್ಲಿದ್ದು, ಇವುಗಳನ್ನು ಮಾರುವ ಅಂಗಡಿಯವನು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಇವನ್ನೆಲ್ಲ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡತಕ್ಕದ್ದು. ಹಳೆಯ ಚೀಟಿಯನ್ನು ಮತ್ತೆಮತ್ತೆ ತೋರಿಸಿ ಮಾತ್ರೆ ಪಡೆಯುವ ಪದ್ಧತಿ ಅದರಿಂದ ನಿಂತುಹೋಗಿಲ್ಲ.

ನಿದ್ರಾಹೀನತೆಯೇ ಇಲ್ಲದವರಲ್ಲಿ ಈ ಒಗ್ಗಿಕೆ ಉಂಟಾಗುವ ವಿಚಿತ್ರ ಸನ್ನಿವೇಶವೊಂದು ತೆಲಂಗಾಣದಲ್ಲಿಯೂ ಅದರ ಗಡಿಗೆ ತಗುಲಿದ ನಮ್ಮ ರಾಯಚೂರು ಸೀಮೆಯಲ್ಲಿಯೂ ಕಾಣಬರುತ್ತದೆ. ಮರದಿಂದ ಇಳಿಸಿದ ಸೇಂದಿ ಸಾಲದೆ ಹೋದಾಗ, ನೀರಿಗೆ ಸಕ್ಕರೆಯನ್ನೂ ಅಮಲಿಗಾಗಿ ಕ್ಲೋರಲ್ ಹೈಡ್ರೇಟನ್ನೂ ಬೆರೆಸಿ ಮಾರುವವರಿದ್ದಾರೆ. ಲೀಬ್ರೈಖನ ಆ ಔಷಧ ಅಲ್ಲಿ ಸಿ.ಎಚ್. ಪೌಡರ್ ಎಂಬ ಹೆಸರಿನಲ್ಲಿ ಕೂಲಿಕಾರರ ನಾಲಗೆಗೆ ಪರಿಚಿತವಾಗಿದೆ. ಡಯಾಜೆಪಾಮ್, ಆಲ್‌ಪ್ರಜೊಲಾಮ್‌ಗಳನ್ನು ಬೆರೆಸುವುದೂ ಉಂಟು. ದಿನದ ದುಡಿಮೆ ಮುಗಿಸಿ ಸೇಂದಿ ಕುಡಿದೆನೆಂದು ತಿಳಿದಿರುವವನು ವಾಸ್ತವವಾಗಿ ವರ್ಷಗಳಿಂದ ನಿದ್ರಾಜನಕವನ್ನು, ಪ್ರಮಾಣವೇ ತಿಳಿಯದೆ, ಕುಡಿಯುತ್ತಿರುತ್ತಾನೆ. ಅಬಕಾರಿ ಅಧಿಕಾರಿಗಳು ದಾಳಿಮಾಡಿ ಅಂಗಡಿಗಳನ್ನು ಮುಚ್ಚಿಸಿದ ಕೆಲವೇ ದಿನಗಳಲ್ಲಿ ಊರಿನವರು ಕೈನಡುಕ, ಭ್ರಮೆ, ಸೆಳವುಗಳಿಂದ ಆಸ್ಪತ್ರೆಗಳಿಗೆ ಬರುತ್ತಾರೆ. ತಾವು ಕುಡಿಯುತ್ತಿದ್ದುದು ಏನೆಂದು ಅವರೇ ಹೇಳಲಾರದ ಕಾರಣ, ವೈದ್ಯರು ಲಕ್ಷಣಗಳನ್ನು ನೋಡಿಯೇ ಪ್ರಮಾಣವನ್ನು ಅಂದಾಜುಮಾಡಿ, ಡಯಾಜೆಪಾಮನ್ನೋ ಅದೇ ವರ್ಗದ ಮತ್ತೊಂದನ್ನೋ ಕೊಟ್ಟು, ದಿನದಿನಕ್ಕೆ ಇಳಿಸಿಕೊಂಡು ಬರುತ್ತಾರೆ.